ಹಾಸನದಲ್ಲಿ ಟರ್ಬೊ ಕಾರಿಗೆ ಇಂಟರ್‌ಕೂಲರ್ ಪೈಪ್: ಅಳತೆಯಿಂದ ಲೀಕ್ ಟೆಸ್ಟ್‌ವರೆಗೆ

ಟರ್ಬೊ ಕಾರಿಗೆ ಹೊಸ ಇಂಟರ್‌ಕೂಲರ್ ಪೈಪ್ ಹಾಕಿಸಬೇಕು ಅಂದಕೂಡಲೇ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ‘ಎರಡು ಇಂಚಾ, ಎರಡೂವರೆಯಾ?’ ಎಂಬುದು. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ, ಒತ್ತಿದಾಗ ಬಿಸಿಯಾದ ಆ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್, ಅದನ್ನು ಎಂಜಿನ್‌ನ ಗಾಳಿ ಬಾಗಿಲಾದ ಥ್ರಾಟಲ್‌ವರೆಗೆ ಒಯ್ಯುವುದು ಈ ಪೈಪ್. ಹಾಸನದಲ್ಲಿ 1.4 ಲೀಟರ್‌ನ ಟರ್ಬೊ ಪೆಟ್ರೋಲ್ ಸೆಡಾನ್ ಒಂದಕ್ಕೆ ಟರ್ಬೊದಿಂದ ಥ್ರಾಟಲ್‌ವರೆಗೆ ಪೂರ್ತಿ ಪೈಪ್ ಮಾಡಿಸಿದ ಕೆಲಸವನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಇಂಚಿನ ಪ್ರಶ್ನೆ ಕಾಗದದ ಮೇಲೆ ಬೇಗ ಬಗೆಹರಿಯುತ್ತದೆ. ಹೊತ್ತು ಹಿಡಿಯುವುದು, ದುಡ್ಡು ಹಾಕಬೇಕಾದ್ದು ಜಾಯಿಂಟಿಗೆ: ಪೈಪಿನ ತುದಿಯಲ್ಲಿ ಸುತ್ತ ಎಬ್ಬಿಸಿದ ಏಣು, ಅದರ ಮೇಲೆ ಕೂರುವ ಹೋಸ್, ಹೋಸನ್ನು ಹಿಡಿಯುವ ಕ್ಲ್ಯಾಂಪ್. ದಾರಿಯಲ್ಲಿ ಕೈಕೊಟ್ಟ ಕಾರಿನ ಬಾನೆಟ್ ತೆಗೆದು ನೋಡಿದರೆ ಲೋಹದ ಪೈಪ್ ಸೀಳಿರುವುದು ಅಪರೂಪ, ಜಾಯಿಂಟ್ ಜಾರಿರುತ್ತದೆ.

ಬದಲಿಸುವ ಅಗತ್ಯ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಕಂಪನಿಯಿಂದ ಬರುವ ಪೈಪ್ ರಬ್ಬರ್ ಮತ್ತು ಪ್ಲಾಸ್ಟಿಕ್‌ನದು. ಎಂಜಿನ್‌ನ ಕೆಳಭಾಗದ ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯ ಆವಿ ತಾಗಿ ತಾಗಿ ರಬ್ಬರ್ ಮೆತ್ತಗಾಗುತ್ತದೆ, ಒತ್ತಡ ಬಂದಾಗ ಉಬ್ಬುತ್ತದೆ. ಪ್ಲಾಸ್ಟಿಕ್ ಪೈಪು ಅಚ್ಚಿನ ಗೆರೆಯ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇಂಥದ್ದು ಒಂದೇ ಕಡೆ ಕಂಡರೆ ಆ ಒಂದು ಹೋಸ್ ಬದಲಿಸಿದರೆ ಸಾಕು. ಬರೀ ಪೈಪ್ ಬದಲಿಸಿದ್ದರಿಂದ ಪವರ್ ಏರುತ್ತದೆ ಎಂಬ ನಿರೀಕ್ಷೆ ಬೇಡ. ಬೂಸ್ಟ್ (ಟರ್ಬೊ ತುಂಬುವ ಹೆಚ್ಚುವರಿ ಒತ್ತಡ) ಹೆಚ್ಚಿಸಿ ಟ್ಯೂನ್ ಮಾಡಿಸಿದ ಕಾರಿಗೆ, ಅಥವಾ ಹಳೆಯ ಹೋಸ್‌ಗಳು ಎರಡು ಮೂರು ಕಡೆ ಸೋತ ಕಾರಿಗೆ ಪೂರ್ತಿ ಲೋಹದ ಪೈಪ್ ಅರ್ಥಪೂರ್ಣ.

ಕಾರು ಯಾವುದು ಎಂಬುದೂ ಮುಖ್ಯ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಮತ್ತು ಹಳೆಯ ಪೋಲೊ ಜಿಟಿಯ 1.2 ಟಿಎಸ್‌ಐನಲ್ಲಿ ಇಂಟರ್‌ಕೂಲರ್ ನೀರಿನಿಂದ ತಂಪಾಗುವಂಥದ್ದು, ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಕೂತಿರುತ್ತದೆ. ಅಲ್ಲಿ ಬಂಪರ್ ಹಿಂದೆ ಸುತ್ತಿ ಬರುವ ಪೈಪೇ ಇಲ್ಲ. ಟರ್ಬೊದಿಂದ ಥ್ರಾಟಲ್‌ಗೆ ಹೋಗುವ ಗಿಡ್ಡ ಪೈಪ್ ಒಂದೇ ಸಿಗುವುದು. ಈ ಕಾರುಗಳಿಗೆಂದು ಯಾರಾದರೂ ಎಂಟು ತುಂಡಿನ ಕಿಟ್ ತೋರಿಸಿದರೆ ಅದು ಕೂರುವುದಿಲ್ಲ.

ಇನ್ನು ನಮ್ಮ ಊರಿನ ಎತ್ತರ. ಸಮುದ್ರಮಟ್ಟದಲ್ಲಿ ಸುತ್ತಲಿನ ಗಾಳಿಯ ಒತ್ತಡ 1.01 ಬಾರ್. ಹಾಸನ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿದೆ, ಇಲ್ಲಿ ಸುಮಾರು 0.9 ಬಾರ್. ಚಿಕ್ಕಮಗಳೂರು ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತಿ 1,800 ಮೀಟರ್ ಆಸುಪಾಸಿಗೆ ಬಂದರೆ 0.81ರಿಂದ 0.82 ಬಾರ್. ಇಂದಿನ ಬಹುತೇಕ ಇಸಿಯುಗಳು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗಳು, ಮ್ಯಾನಿಫೋಲ್ಡಿನ ಒಟ್ಟು ಒತ್ತಡವನ್ನು ಗುರಿಯಾಗಿ ಇಟ್ಟುಕೊಳ್ಳುತ್ತವೆ. ಗುರಿ 1.8 ಬಾರ್ ಎಂದುಕೊಳ್ಳಿ. ಹೊರಗಿನ ಒತ್ತಡಕ್ಕಿಂತ ಪೈಪಿನೊಳಗೆ ಎಷ್ಟು ಹೆಚ್ಚಿದೆಯೋ ಅದೇ ಜಾಯಿಂಟನ್ನು ತಳ್ಳುವುದು. ಮಂಗಳೂರಿನಲ್ಲಿ ಅದು 0.8 ಬಾರ್, ಹಾಸನದಲ್ಲಿ 0.9, ಮುಳ್ಳಯ್ಯನಗಿರಿ ಏರಿನಲ್ಲಿ ಹೆಚ್ಚುಕಡಿಮೆ 1 ಬಾರ್. ಎತ್ತರಕ್ಕೆ ಹೋದಂತೆ ಟರ್ಬೊ ಕಾಪಾಡಲು ಇಸಿಯು ಗುರಿಯನ್ನು ತಾನೇ ಇಳಿಸುವುದುಂಟು, ಆದರೆ ಟ್ಯೂನ್ ಮಾಡಿದ ಕಾರಿನಲ್ಲಿ ಆ ಮಿತಿಯನ್ನು ತೆಗೆದಿರುವುದೂ ಉಂಟು. ಕರಾವಳಿಯಲ್ಲಿ ವರ್ಷಗಟ್ಟಲೆ ನಿಂತ ಜಾಯಿಂಟ್ ಘಟ್ಟ ಹತ್ತಿದಾಗ ಜಾರುವುದಕ್ಕೆ ಇದೂ ಒಂದು ಕಾರಣ.

ಶಾಖದ ಲೆಕ್ಕವೂ ಎತ್ತರದ ಜೊತೆ ಏರುತ್ತದೆ. ಹೊರಗೆ 30 ಡಿಗ್ರಿ ಇದ್ದು, ಕಂಪ್ರೆಸರ್ ದಕ್ಷತೆ 70 ಶೇಕಡಾ ಎಂದು ಹಿಡಿದರೆ 1.8 ಬಾರ್‌ಗೆ ಒತ್ತಿದ ಗಾಳಿ ಟರ್ಬೊದಿಂದ ಹೊರಬರುವಾಗ ಸಮುದ್ರಮಟ್ಟದಲ್ಲಿ ಸುಮಾರು 110 ಡಿಗ್ರಿ, ಹಾಸನದಲ್ಲಿ 125ರ ಹತ್ತಿರ. ಬೆಟ್ಟದ ಮೇಲೆ ಹೊರಗಿನ ಗಾಳಿ ತಣ್ಣಗಿದ್ದರೂ 130 ಡಿಗ್ರಿ ದಾಟುತ್ತದೆ. ಟರ್ಬೊ ಬಾಯಿಯ ಮೊದಲ ಹೋಸಿಗೆ ಯಾವುದೋ ಒಂದನ್ನು ಹಾಕಿದರೆ ಸಾಲದು ಎಂಬುದು ಇಲ್ಲಿಂದಲೇ ಗೊತ್ತಾಗುತ್ತದೆ.

ಈಗ ಇಂಚಿನ ಪ್ರಶ್ನೆ. 150 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್‌ಗೆ ಸೆಕೆಂಡಿಗೆ ಸುಮಾರು 110 ಗ್ರಾಂ ಗಾಳಿ ಬೇಕು. ಹೊರ ವ್ಯಾಸ 51 ಮಿಮೀ (ಎರಡು ಇಂಚು), ಗೋಡೆ 1.5 ಮಿಮೀ ಇರುವ ಪೈಪಿನ ಒಳ ವ್ಯಾಸ 48 ಮಿಮೀ. ಅದರಲ್ಲಿ ಇಂಟರ್‌ಕೂಲರ್ ದಾಟಿದ ತಣ್ಣನೆ ಗಾಳಿ ಸೆಕೆಂಡಿಗೆ ಸುಮಾರು 30 ಮೀಟರ್ ವೇಗದಲ್ಲಿ ಹೋಗುತ್ತದೆ, ಬಿಸಿ ಕಡೆ ಸುಮಾರು 40 ಮೀಟರ್. ಶಬ್ದದ ವೇಗದ 0.4 ಪಾಲು, ಅಂದರೆ 140 ಮೀಟರ್ ಮುಟ್ಟುವವರೆಗೆ ವ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬುದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಅಳತೆಗೋಲು. 51 ಮಿಮೀ ಪೈಪ್ ಅದರ ಮೂರನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಅಲ್ಲಿಗೆ ಈ ಕಾರಿಗೆ 51 ಎಂದು ತೀರ್ಮಾನವಾಯಿತು.

ದೊಡ್ಡ ಪೈಪ್ ಹಾಕಿದರೆ ಲ್ಯಾಗ್ (ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ತಡವಾಗಿ ಬರುವುದು) ಬಹಳ ಬರುತ್ತದೆ ಎಂಬ ಮಾತು ಮಾತ್ರ ಅತಿಯಾಯಿತು. ಎರಡೂವರೆ ಮೀಟರ್ ಉದ್ದಕ್ಕೆ 51ರ ಪೈಪಿನೊಳಗೆ ಸುಮಾರು ನಾಲ್ಕೂವರೆ ಲೀಟರ್ ಜಾಗ, 76ರದ್ದರಲ್ಲಿ (ಮೂರು ಇಂಚು) ಹತ್ತು ಲೀಟರ್‌ಗೆ ಸ್ವಲ್ಪ ಮೇಲೆ. 3,000 ಆರ್‌ಪಿಎಂನಲ್ಲಿ ಈ ಎಂಜಿನ್ ಸೆಕೆಂಡಿಗೆ ಸುಮಾರು 35 ಲೀಟರ್ ಎಳೆಯುತ್ತದೆ. ಹೆಚ್ಚುವರಿ ಜಾಗ ತುಂಬಲು ಸೆಕೆಂಡಿನ ಹತ್ತನೇ ಒಂದೆರಡು ಭಾಗ ಸಾಕು. ದೊಡ್ಡ ಪೈಪಿನ ನಿಜವಾದ ತೊಂದರೆ ಬೇರೆ ಕಡೆ ಇದೆ. 1 ಬಾರ್ ಒತ್ತಡದಲ್ಲಿ 51 ಮಿಮೀ ಪೈಪಿನ ಜಾಯಿಂಟನ್ನು ಬಿಡಿಸಲು ಎಳೆಯುವ ಬಲ ಸುಮಾರು 21 ಕಿಲೊ ತೂಕದಷ್ಟು. 63 ಮಿಮೀ (ಎರಡೂವರೆ ಇಂಚು) ಆದರೆ 32 ಕಿಲೊ, 76 ಆದರೆ 46 ಕಿಲೊ. ಬೇಕಿಲ್ಲದೆ ಒಂದು ಅಳತೆ ಮೇಲೆ ಹೋದವರು ಪ್ರತಿ ಜಾಯಿಂಟಿಗೂ ಹತ್ತು ಹದಿನೈದು ಕಿಲೊ ಭಾರ ಕಟ್ಟಿದ ಹಾಗೆ. ಬಂಪರ್ ಹಿಂದೆ ಜಾಗ ಮಾಡಲು ಒಳಗಿನ ಕ್ರ್ಯಾಶ್ ಬೀಮ್ ಕತ್ತರಿಸುವ ಗ್ಯಾರೇಜುಗಳೂ ಇವೆ. ಅದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ, ಅಪಘಾತದಲ್ಲಿ ಒಳಗಿರುವವರನ್ನು ಕಾಯುವ ಭಾಗ ಅದು.

ಲೋಹದ ವಿಚಾರದಲ್ಲಿ ಹಾಸನಕ್ಕೆ ಒಂದು ಅನುಕೂಲ ಇದೆ. ಆನ್‌ಲೈನ್‌ನಲ್ಲಿ ಸಿಗುವ ಕಿಟ್‌ಗಳೆಲ್ಲ ಸಾಮಾನ್ಯವಾಗಿ ಅಲ್ಯೂಮಿನಿಯಂ. ಹಗುರ, ತುಕ್ಕಿಲ್ಲ, ಒಳ್ಳೆಯದೇ. ಆದರೆ ಕಾರಿಗೆ ಹೊಂದಿಸಲು ಕತ್ತರಿಸಿ ಬೆಸೆಯಬೇಕಾಗುತ್ತದೆ, ಅಲ್ಯೂಮಿನಿಯಂ ಬೆಸೆಯಲು ಎಸಿ ಟಿಗ್ ಮೆಷಿನ್ ಬೇಕು (ಟಿಗ್ ಅಂದರೆ ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ವೆಲ್ಡಿಂಗ್). ನಮ್ಮ ಕಡೆ ವೆಲ್ಡಿಂಗ್ ಶಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಡಿಸಿ ಮಾತ್ರ ಇರುವ ಇನ್ವರ್ಟರ್. ‘ಅಣ್ಣಾ, ಟಿಗ್ ಇದೆಯಾ?’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ. ‘ಎಸಿ ಟಿಗ್ ಇದೆಯಾ, ಅಲ್ಯೂಮಿನಿಯಂ ಮಾಡಿದ್ದೀರಾ?’ ಎಂದೇ ಕೇಳಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಡಿಸಿ ಟಿಗ್ ಸಾಕು. ಡೈರಿ ಪೈಪ್‌ಲೈನ್ ಕೆಲಸ ಮಾಡುವವರ ಬಳಿ 304 ದರ್ಜೆಯ ಪೈಪ್ 38, 51, 63.5 ಮಿಮೀ ಹೊರ ವ್ಯಾಸದಲ್ಲಿ, ಒಂದೂವರೆ ಮಿಮೀ ಗೋಡೆಯಲ್ಲಿ, ತಯಾರು ಬೆಂಡ್‌ಗಳ ಸಮೇತ ಸಿಗುತ್ತದೆ. ಟರ್ಬೊ ಹೋಸ್‌ಗಳೂ ಇದೇ ಹೊರ ವ್ಯಾಸದ ಲೆಕ್ಕದಲ್ಲಿ ಬರುವುದರಿಂದ ಸರಿಯಾಗಿ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯ ‘ಎರಡು ಇಂಚಿನ ಪೈಪ್’ ತರಬೇಡಿ, ಅದರ ಹೊರ ವ್ಯಾಸ 60.3 ಮಿಮೀ, 51ರ ಹೋಸಿಗೆ ಕೂರದು.

ಡೈರಿ ವೆಲ್ಡರ್‌ಗಳನ್ನು ಹುಡುಕಲು ಇನ್ನೂ ದೊಡ್ಡ ಕಾರಣ ಪರ್ಜಿಂಗ್. ಸ್ಟೇನ್‌ಲೆಸ್ ಬೆಸೆಯುವಾಗ ಪೈಪಿನ ಒಳಗೂ ಆರ್ಗಾನ್ ತುಂಬಿರಬೇಕು. ಇಲ್ಲದಿದ್ದರೆ ಬೆಸುಗೆಯ ಒಳಬದಿ ಸುಟ್ಟು ಕರಿ ಹುರುಪೆ ಕಟ್ಟುತ್ತದೆ. ಶಾಖ ಮತ್ತು ಅದುರಿಕೆಗೆ ಆ ಹುರುಪೆ ಕಳಚಿ, ಇಂಟರ್‌ಕೂಲರ್ ನಂತರದ ಪೈಪಾದರೆ ನೇರ ಎಂಜಿನ್ ಒಳಗೆ ಹೋಗುತ್ತದೆ. ಹಾಲಿನ ಪೈಪಿನಲ್ಲಿ ಹುರುಪೆ ಇದ್ದರೆ ಹಾಲು ಕೆಡುವುದರಿಂದ ಡೈರಿ ಕೆಲಸದವರಿಗೆ ಪರ್ಜಿಂಗ್ ಕೈಗೆ ರೂಢಿಯಾಗಿದೆ. 304ಕ್ಕೆ 308ಎಲ್ ರಾಡ್ ಬಳಸಬೇಕು. ಸ್ಟೇನ್‌ಲೆಸ್‌ನ ಒಂದೇ ಕೊರತೆ ತೂಕ: ಎರಡೂವರೆ ಮೀಟರಿಗೆ ನಾಲ್ಕೂವರೆ ಕಿಲೊ, ಅಲ್ಯೂಮಿನಿಯಂ ಆಗಿದ್ದರೆ ಎರಡು ಕಿಲೊ ಒಳಗೆ. ಆ ತೂಕ ಹೋಸಿನ ಮೇಲೆ ಬೀಳದಂತೆ ಪ್ರತಿ ಉದ್ದ ತುಂಡಿಗೂ ಒಂದು ಬ್ರ್ಯಾಕೆಟ್, ರಬ್ಬರ್ ಬುಷ್ ಹಾಕಿ. ಸಾದಾ ಕಬ್ಬಿಣದ ಪೈಪ್ ಬೇಡವೇ ಬೇಡ. ಮಲೆನಾಡಿನ ತೇವಕ್ಕೆ ಒಳಗಿನಿಂದ ತುಕ್ಕು ಹಿಡಿದು ಪುಡಿ ಉದುರುತ್ತದೆ.

ಸೈಲೆನ್ಸರ್ ಅಂಗಡಿಯ ಹೈಡ್ರಾಲಿಕ್ ಬೆಂಡರ್‌ನಲ್ಲಿ ಬಗ್ಗಿಸಿದ ಪೈಪನ್ನೂ ತೆಗೆದುಕೊಳ್ಳಬೇಡಿ, ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಒಳಗೆ ಮ್ಯಾಂಡ್ರೆಲ್ (ಪೈಪ್ ಚಪ್ಪಟೆಯಾಗದಂತೆ ತಡೆಯುವ ಅಚ್ಚು) ಇಟ್ಟು ಬಗ್ಗಿಸಿದ್ದು, ಅಥವಾ ಡೈರಿಯ ತಯಾರು ಬೆಂಡ್ ಬಳಸಿ.

ದಾರಿ ಹುಡುಕಲು ಕೃಷಿ ಸಾಮಗ್ರಿ ಅಂಗಡಿಯ 50 ಮಿಮೀ ಪಿವಿಸಿ ಪೈಪ್, ಎಲ್ಬೋ ತಂದು ಕಾರಿನಲ್ಲಿ ಜೋಡಿಸಿ ನೋಡಿದೆವು. ಅದರ ಹೊರ ವ್ಯಾಸ 51ಕ್ಕೆ ತೀರಾ ಹತ್ತಿರ, ಕತ್ತರಿಸಲು ಸುಲಭ, ತಪ್ಪಿದರೆ ನಷ್ಟವಿಲ್ಲ. ಇಲ್ಲಿ ನೋಡಬೇಕಾದ್ದು ಎಂಜಿನ್‌ನ ಓಲಾಟ. ಇಂಟರ್‌ಕೂಲರ್ ಕಾರಿನ ಬಾಡಿಯ ಮೇಲೆ ಗಟ್ಟಿಯಾಗಿ ಕೂತಿರುತ್ತದೆ, ಎಂಜಿನ್ ಮೌಂಟ್‌ಗಳ ಮೇಲೆ ಹಿಂದೆ ಮುಂದೆ ತೂಗುತ್ತದೆ. ಎಂಜಿನ್ ಕಡೆಯ ಭಾಗಗಳಿಗೂ ಪೈಪಿಗೂ ನಡುವೆ 15ರಿಂದ 20 ಮಿಮೀ, ಬಾಡಿಯಿಂದ 10 ಮಿಮೀ, ಎಕ್ಸಾಸ್ಟ್‌ನಿಂದ ಕನಿಷ್ಠ 50 ಮಿಮೀ ಬಿಟ್ಟೆವು. ಬಂಪರ್ ಕೆಳಗೆ ಪೈಪ್ ಇಳಿಯಬಾರದು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ನಡುವೆ ಎದ್ದಿರುವ ಮಣ್ಣಿನ ದಿಂಡಿಗೆ ಮೊದಲು ತಾಗುವುದು ಅದೇ. ಪಿವಿಸಿ ದಾರಿ ತೋರಿಸಲು ಮಾತ್ರ. ಅದನ್ನೇ ಕಾರಿನಲ್ಲಿ ಬಿಟ್ಟರೆ ಬಿಸಿಗೆ ಮೆತ್ತಗಾಗಿ ಕುಸಿಯುತ್ತದೆ.

ಇನ್ನು ಜಾಯಿಂಟ್. ಪೈಪಿನ ತುದಿಯಿಂದ 8 ಮಿಮೀ ಒಳಗೆ, ಒಂದೂವರೆಯಿಂದ ಎರಡು ಮಿಮೀ ಎತ್ತರದ ಬೀಡ್, ಅಂದರೆ ಸುತ್ತ ಎದ್ದ ಏಣು ಇರಬೇಕು. ಬೀಡ್ ಇಲ್ಲದ ನುಣುಪು ಪೈಪಿನ ಮೇಲೆ ಎಂಥ ಕ್ಲ್ಯಾಂಪ್ ಬಿಗಿದರೂ ಎಣ್ಣೆಯ ತೇವ ಸೇರಿದ ದಿನ ಹೋಸ್ ಜಾರುತ್ತದೆ. ಬೀಡ್ ರೋಲರ್ ಸಿಗದಿದ್ದರೆ ಟಿಗ್‌ನಲ್ಲೇ ಸುತ್ತ ಒಂದು ಗೆರೆ ಬೆಸುಗೆ ಎಳೆದು, ಅಂಚು ಹೋಸನ್ನು ಕೊಯ್ಯದಂತೆ ಉಜ್ಜಿ ನುಣುಪು ಮಾಡಿದರೆ ಕೆಲಸ ನಡೆಯುತ್ತದೆ. ಅಲ್ಯೂಮಿನಿಯಂ ಕಿಟ್ ತಂದವರು ಗಮನಿಸಬೇಕಾದ್ದು: ಅದರ ತುಂಡುಗಳಿಗೆ ಬೀಡ್ ಇರುವುದು ತುದಿಗಳಲ್ಲಿ. ಕತ್ತರಿಸಿದ ಕಡೆ ಬೀಡ್ ಹೋಗುತ್ತದೆ. ಕತ್ತರಿಸಿದ ತುದಿ ಬೆಸುಗೆಗೆ, ಬೀಡ್ ಇರುವ ತುದಿ ಹೋಸಿಗೆ ಬರುವಂತೆ ಮೊದಲೇ ಗುರುತು ಹಾಕಿಕೊಳ್ಳಿ.

ಹೋಸ್ ನಾಲ್ಕು ಪದರದ ಬಟ್ಟೆ ಇರುವ ಸಿಲಿಕೋನ್, 5 ಮಿಮೀ ದಪ್ಪ. ಕತ್ತರಿಸಿದ ಅಂಚಿನಲ್ಲಿ ಪದರಗಳನ್ನು ಎಣಿಸಬಹುದು, ಎಣಿಸಿಯೇ ತೆಗೆದುಕೊಳ್ಳಿ. ಪಾಲಿಯೆಸ್ಟರ್ ಪದರದ ಸಾಮಾನ್ಯ ಸಿಲಿಕೋನ್ 170ರಿಂದ 180 ಡಿಗ್ರಿವರೆಗೆ ತಾಳುತ್ತದೆ, ತಣ್ಣನೆ ಕಡೆಗೆ ಅದು ಸಾಕು. ಟರ್ಬೊ ಬಾಯಿಗೆ ಮಾತ್ರ ಹೆಚ್ಚು ಶಾಖ ತಾಳುವ ಅರಾಮಿಡ್ ನಾರಿನ ಪದರದ್ದು, ಒಳಮೈ ಎಣ್ಣೆ ತಾಳುವ ಫ್ಲೋರೋಸಿಲಿಕೋನ್ ಇರುವಂಥದ್ದು ಬೇಕು. ಸಾದಾ ಸಿಲಿಕೋನ್ ಎಣ್ಣೆ ಹೀರಿ ಊದಿಕೊಳ್ಳುತ್ತದೆ, ಟರ್ಬೊ ಬಾಯಿಯಲ್ಲೇ ಎಣ್ಣೆ ಹೆಚ್ಚು. ಇದೊಂದಕ್ಕೆ ಬೆಲೆ ಜಾಸ್ತಿ, ಕೊಡಲೇಬೇಕು.

ನೇರ ಹೋಸಿನ ಉದ್ದ 76 ಮಿಮೀ ಇಟ್ಟೆವು. ಎರಡೂ ಕಡೆಯಿಂದ ಪೈಪ್ 35 ಮಿಮೀ ಒಳಗೆ, ನಡುವೆ 6 ಮಿಮೀ ಸಂದು. ಸಂದು ದೊಡ್ಡದಾದರೆ ಅಲ್ಲಿ ಹೋಸ್ ಬಲೂನಿನಂತೆ ಉಬ್ಬಿ ಪೈಪನ್ನು ಹೊರಗೆಳೆಯುತ್ತದೆ. ಕ್ಲ್ಯಾಂಪ್ 19 ಮಿಮೀ ಅಗಲದ ಟಿ ಬೋಲ್ಟ್. ಬೀಡ್ ದಾಟಿದ ಮೇಲೆ, ತುದಿಯಿಂದ 12ನೇ ಮಿಲಿಮೀಟರಿನಿಂದ 31ರವರೆಗೆ ಅದು ಕೂರುತ್ತದೆ. ಹೋಸಿನ ಅಂಚಿಗೆ ಇನ್ನೂ 4 ಮಿಮೀ ಉಳಿಯುತ್ತದೆ. ಬೀಡ್ ಮೇಲೆಯೇ ಕ್ಲ್ಯಾಂಪ್ ಕೂರಿಸುವುದು ನಮ್ಮ ಕಡೆ ಅತಿ ಹೆಚ್ಚು ಕಾಣುವ ತಪ್ಪು. ಹಾಗೆ ಮಾಡಿದರೆ ಕ್ಲ್ಯಾಂಪ್ ವಾರೆಯಾಗಿ ಒಂದು ಬದಿ ಮಾತ್ರ ಬಿಗಿ ಹಿಡಿಯುತ್ತದೆ. ಕ್ಲ್ಯಾಂಪಿನ ಅಳತೆ ಹೋಸಿನ ಹೊರಮೈಗೆ: 51ಕ್ಕೆ ಎರಡು ಕಡೆಯ 5 ಸೇರಿ 61, ಹಾಗಾಗಿ 59ರಿಂದ 67ರ ಕ್ಲ್ಯಾಂಪ್. ತೂತು ಪಟ್ಟಿಯ ಮಾಮೂಲಿ ಹೋಸ್ ಕ್ಲಿಪ್ ಬೇಡ, ಪಟ್ಟಿಯ ತೂತುಗಳಲ್ಲಿ ಸಿಲಿಕೋನ್ ಎದ್ದು ಕೊಯ್ದುಹೋಗುತ್ತದೆ.

ಎಂಜಿನ್‌ಗೂ ಬಾಡಿಗೂ ನಡುವಿನ ಎರಡು ಜಾಗಗಳಲ್ಲಿ, ಅಂದರೆ ಟರ್ಬೊ ನಂತರ ಮತ್ತು ಥ್ರಾಟಲ್ ಮುಂಚೆ, ನಡುವೆ ಉಬ್ಬು ಇರುವ ಹಂಪ್ ಹೋಸ್. ಓಲಾಟವನ್ನು ಅದು ನುಂಗುತ್ತದೆ. ಒತ್ತಡ ಬಂದಾಗ ಹಂಪ್ ಉದ್ದವಾಗಲು ನೋಡುವುದರಿಂದ ಅದರ ಹತ್ತಿರದಲ್ಲೇ ಪೈಪಿಗೆ ಬ್ರ್ಯಾಕೆಟ್ ಬೇಕು. ಬೇರೆ ಕಡೆ ಹಂಪ್ ಹಾಕುವ ಅಗತ್ಯ ಇಲ್ಲ.

ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ಟ್ಯಾಂಕಿಗೆ ಕಂಪನಿಯವರು ತಂತಿ ಕ್ಲಿಪ್ಪಿನ ಜೋಡಣೆ ಕೊಟ್ಟಿದ್ದರೆ ಅದಕ್ಕೆ ಲೇತ್‌ನಲ್ಲಿ ಅಡಾಪ್ಟರ್ ತಿರುಗಿಸಬೇಕು. ಹಳೆಯ ಪೈಪಿನ ತುದಿಯನ್ನೇ ಮಾದರಿಯಾಗಿ ಕೊಡಿ. ಓ ರಿಂಗ್ ಮಾಮೂಲಿ ನೈಟ್ರೈಲ್ ರಬ್ಬರ್ ಬದಲು ಹೆಚ್ಚು ಶಾಖ ತಾಳುವ ವೈಟಾನ್ ರಬ್ಬರಿನದಿರಲಿ. ಬೂಸ್ಟ್ ಸೆನ್ಸರ್ ಪೈಪಿನ ಮೇಲಿದ್ದರೆ ಅದರ ಕೂರುಗೂಡನ್ನೂ ಅದೇ ಲೇತ್‌ನಲ್ಲಿ ಮಾಡಿಸಿ ಬೆಸೆಯಬೇಕು. ಪೈಪಿನ ಮೇಲ್ಭಾಗದಲ್ಲಿ ಇಡಿ, ಕೆಳಗಿಟ್ಟರೆ ಎಣ್ಣೆ ನಿಂತು ಸೆನ್ಸರ್ ಸುಳ್ಳು ಹೇಳುತ್ತದೆ. ಗಾಳಿಯನ್ನು ಅಳೆಯುವ ಮಾಫ್ ಸೆನ್ಸರ್ ಇರುವ ಕಾರಿನಲ್ಲಿ ಬ್ಲೋ ಆಫ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಪೈಪಿನ ಒತ್ತಡ ಇಳಿಸುವ ವಾಲ್ವ್) ಗಾಳಿಯನ್ನು ಹೊರಗೆ ಬಿಡಬಾರದು, ಟರ್ಬೊ ಮುಂಚಿನ ಪೈಪಿಗೆ ಹಿಂದಿರುಗಿಸಬೇಕು. ಇಸಿಯು ಲೆಕ್ಕ ಹಾಕಿದ ಗಾಳಿ ಹೊರಗೆ ಹೋದರೆ ಪೆಟ್ರೋಲ್ ಹೆಚ್ಚಾಗಿ ಗೇರ್ ಬದಲಿಸುವಾಗ ಕಾರು ಮುಗ್ಗರಿಸುತ್ತದೆ.

ಜೋಡಿಸುವ ಮುನ್ನ ಪೈಪಿನ ತುದಿ, ಹೋಸಿನ ಒಳಮೈ ಎರಡನ್ನೂ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ ಒಣಗಿಸಿ. ಸುಲಭವಾಗಿ ಜಾರಲಿ ಎಂದು ಗ್ರೀಸ್ ಹಚ್ಚಿದರೆ ಒತ್ತಡ ಬಂದಾಗ ಹೊರಗೂ ಅಷ್ಟೇ ಸುಲಭವಾಗಿ ಜಾರುತ್ತದೆ. ಹೇರ್ ಸ್ಪ್ರೇ ಹೊಡೆದರೆ ಹಸಿ ಇರುವಾಗ ಜಾರಿ ಒಳಹೋಗುತ್ತದೆ, ಒಣಗಿದ ಮೇಲೆ ಅಂಟಾಗಿ ಹಿಡಿಯುತ್ತದೆ. ಟಿ ಬೋಲ್ಟಿಗೆ 5ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು. ಕ್ಲ್ಯಾಂಪಿನ ಎರಡೂ ಬದಿ ಹೋಸ್ ದಪ್ಪನೆ ಎದ್ದು ನಿಂತಿದ್ದರೆ ಅತಿಯಾಯಿತು ಎಂದೇ ಅರ್ಥ.

ಲೀಕ್ ಟೆಸ್ಟ್ ಮಾಡದೆ ಬಂಪರ್ ಕೂರಿಸಬೇಡಿ. ಲೇತ್‌ನಲ್ಲಿ ನೈಲಾನ್ ರಾಡಿನಿಂದ ಎರಡು ಬೆಣೆ ಮಾಡಿಸಿ, ಒಂದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಟರ್ಬೊ ಕಡೆಯ ತುದಿಗೊಂದು, ಥ್ರಾಟಲ್ ಕಡೆಗೊಂದು ಕ್ಲ್ಯಾಂಪ್ ಹಾಕಿ ಬಿಗಿದರೆ ಪೈಪ್ ಮತ್ತು ಇಂಟರ್‌ಕೂಲರ್ ಮಾತ್ರ ಪರೀಕ್ಷೆಗೆ ಸಿಗುತ್ತವೆ, ಎಂಜಿನ್ ವಾಲ್ವ್ ಮೂಲಕ ಗಾಳಿ ಸೋರುವ ಗೊಂದಲ ಇರುವುದಿಲ್ಲ. ಪಿವಿಸಿ ಮುಚ್ಚಳ ಬಳಸಬೇಡಿ, ಗಾಳಿಯ ಒತ್ತಡಕ್ಕೆ ಅದು ಚೂರಾಗಿ ಸಿಡಿಯುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿನಲ್ಲಿ ಬೇಕಾದ್ದರ ಹಲವು ಪಟ್ಟು ಒತ್ತಡ ಇರುತ್ತದೆ, ರೆಗ್ಯುಲೇಟರ್ ಇಲ್ಲದೆ ಹಚ್ಚಬೇಡಿ. ಕಾಲಿನ ಪಂಪು ಸಾಕು. ಮೊದಲು 7 ಪಿಎಸ್‌ಐ ತುಂಬಿ ಸೋಪಿನ ನೀರು ಸಿಂಪಡಿಸಿ ಎಲ್ಲ ಬೆಸುಗೆ, ಜಾಯಿಂಟ್ ನೋಡಿ, ಆಮೇಲೆ 15 ಪಿಎಸ್‌ಐ, ಅಂದರೆ 1 ಬಾರ್. ಬೆಣೆಯ ನೇರಕ್ಕೆ ಯಾರೂ ನಿಲ್ಲಬಾರದು. ಐದು ನಿಮಿಷದಲ್ಲಿ ಒಂದೂವರೆ ಪಿಎಸ್‌ಐಗಿಂತ ಹೆಚ್ಚು ಇಳಿದರೆ ನಾವು ಪಾಸು ಮಾಡುವುದಿಲ್ಲ. ಗುಳ್ಳೆ ಹೆಚ್ಚಾಗಿ ಕಾಣುವುದು ಅಡಾಪ್ಟರ್ ಓ ರಿಂಗ್, ಸೆನ್ಸರ್ ಬುಡ ಮತ್ತು ಬೆಂಡ್ ಬೆಸುಗೆ ಮುಗಿದ ಬಿಂದುವಿನಲ್ಲಿ.

ರಸ್ತೆ ಪರೀಕ್ಷೆಗೆ ನಮ್ಮ ಕಡೆ ಶಿರಾಡಿ ಘಾಟಿಗಿಂತ ಒಳ್ಳೆಯ ಜಾಗ ಇಲ್ಲ. ಗುಂಡ್ಯದಿಂದ ದೋಣಿಗಲ್‌ವರೆಗಿನ ಏರು ಎಂಜಿನ್‌ಗೆ ಬಿಡುವಿಲ್ಲದ ಹೊರೆ ಕೊಡುತ್ತದೆ, ಲಾರಿಗಳ ಹಿಂದೆ ನಿಧಾನವಾದಾಗ ಬಾನೆಟ್ ಒಳಗಿನ ಶಾಖವೂ ಏರುತ್ತದೆ. ಕಾರಿನ ದೋಷ ಓದುವ ಒಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಹಾಕಿ ಇಸಿಯು ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಇನ್‌ಟೇಕ್ ಗಾಳಿಯ ಉಷ್ಣತೆ ಮೂರನ್ನೂ ಪಕ್ಕದಲ್ಲಿ ಕೂತವರು ದಾಖಲಿಸಲಿ, ಓಡಿಸುವವರು ರಸ್ತೆ ನೋಡಲಿ. ಕೇಳಿದ್ದಕ್ಕಿಂತ ಸಿಕ್ಕಿದ್ದು ಸತತ ಕಡಿಮೆ ಇದ್ದು ಪಿ0299 (ಬೂಸ್ಟ್ ಸಾಲದು ಎಂಬ ದೋಷ) ಕೋಡ್ ಬಂದರೆ ಎಲ್ಲೋ ಸೋರಿಕೆ ಇರುವ ಸಾಧ್ಯತೆ ಹೆಚ್ಚು, ಸೋರಿಕೆ ಇದ್ದರೆ ಟರ್ಬೊ ಅದನ್ನು ತುಂಬಿಕೊಡಲು ಹೆಚ್ಚು ತಿರುಗುತ್ತಿರುತ್ತದೆ. ಡೀಸೆಲ್ ಕಾರಿನಲ್ಲಿ ಇದೇ ಸೋರಿಕೆ ಕರಿ ಹೊಗೆಯಾಗಿ ಕಾಣುತ್ತದೆ. ಮಾಫ್ ಇರುವ ಪೆಟ್ರೋಲ್ ಕಾರಿನಲ್ಲಿ ಪೈಪ್ ಪೂರ್ತಿ ಕಳಚಿದರೆ ಎಂಜಿನ್ ಐಡ್ಲಿಂಗ್‌ನಲ್ಲೂ ನಿಲ್ಲದೆ ಆರಿಹೋಗಬಹುದು. ಅಂಥ ಸ್ಥಿತಿಯಲ್ಲಿ ಒತ್ತಾಯದಿಂದ ಓಡಿಸಿದರೆ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಜೊತೆಗೆ ಬಾಯಿ ತೆರೆದ ಪೈಪ್ ಥ್ರಾಟಲ್ ಕಡೆಯದಾದರೆ ಧೂಳು ಫಿಲ್ಟರ್ ಇಲ್ಲದೆ ಒಳಹೋಗುತ್ತದೆ. ನಿಲ್ಲಿಸಿ, ತಣ್ಣಗಾದ ಮೇಲೆ ಹೋಸ್ ಒರೆಸಿ ಮತ್ತೆ ಕೂರಿಸಿ. ಇದಕ್ಕಾಗಿ ಒಂದು ಸ್ಪ್ಯಾನರ್, ಒಂದು ಹೆಚ್ಚುವರಿ ಕ್ಲ್ಯಾಂಪ್ ಡಿಕ್ಕಿಯಲ್ಲಿರಲಿ.

ಮೊದಲ ಸಲ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಎಲ್ಲ ಟಿ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಬಿಗಿ ನೋಡಬೇಕು, ಸಿಲಿಕೋನ್ ಅಷ್ಟರಲ್ಲಿ ಕೂತು ಸ್ವಲ್ಪ ತೆಳ್ಳಗಾಗಿರುತ್ತದೆ. 500 ಕಿಲೊಮೀಟರ್ ಆದಾಗ ಮತ್ತೊಮ್ಮೆ. ಮಳೆಗಾಲ ಮುಗಿದ ಮೇಲೆ ಬಂಪರ್ ಕೆಳಗಿನ ಮುಚ್ಚಳ ತೆಗೆದು ಜಾಯಿಂಟ್‌ಗಳ ಸುತ್ತ ಕಟ್ಟಿದ ಕೆಮ್ಮಣ್ಣು ತೊಳೆಯಿರಿ, ಬ್ರ್ಯಾಕೆಟ್ ಬುಷ್ ಹರಿದಿದೆಯೇ, ಪೈಪ್ ಎಲ್ಲಾದರೂ ತಾಗಿ ಹೊಳೆಯುತ್ತಿದೆಯೇ ನೋಡಿ. ಅದೇ ಹೊತ್ತಿಗೆ ಇಂಟರ್‌ಕೂಲರ್‌ನ ಕೆಳಗಿನ ಹೋಸ್ ಬಿಚ್ಚಿ ಬೋಗುಣಿ ಹಿಡಿಯಿರಿ. ಒಂದೆರಡು ಚಮಚ ಎಣ್ಣೆ ಬಂದರೆ ಸಹಜ. ಲೋಟದಷ್ಟು ಸುರಿದರೆ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಆವಿಯನ್ನು ಇನ್‌ಟೇಕ್ ಕಡೆ ಬಿಡುವ ವಾಲ್ವ್) ಅಥವಾ ಟರ್ಬೊ ಸೀಲ್ ನೋಡಿಸಬೇಕು, ಆ ಎಣ್ಣೆ ನಿಲ್ಲುವವರೆಗೆ ಹೊಸ ಹೋಸ್ ಹಾಕಿ ಪ್ರಯೋಜನವಿಲ್ಲ.